ಆಯಿಲ್ ಪ್ರೆಶರ್ ಸೆಂಡರ್ ಇನ್ನು ಇಂಜಿನ್ ಮೇಲೆ ಕೂರುವುದಿಲ್ಲ

ನಮ್ಮಲ್ಲಿಗೆ ಬರುವ ಫೋಕ್ಸ್‌ವ್ಯಾಗನ್ ಬೀಟಲ್ ಮಾಲೀಕರಿಗೆ ನಮಸ್ಕಾರ.

ನಿಮ್ಮ ಹಳೆಯ ಏರ್‌-ಕೂಲ್ಡ್ ಇಂಜಿನ್‌ಗೆ ಆಯಿಲ್ ಮೀಟರ್, ಅದರ ಸೆಂಡರ್ (ಎಣ್ಣೆಯ ಒತ್ತಡ ಅಳೆದು ಮೀಟರಿಗೆ ತಿಳಿಸುವ ಭಾಗ) ಹಾಕುವ ರೀತಿಯನ್ನು ಈ ತಿಂಗಳಿಂದ ಬದಲಿಸಿದ್ದೇವೆ. ಖರ್ಚು 1,400 ರೂಪಾಯಿ ಏರುತ್ತದೆ, ಗಾಡಿ ನಮ್ಮಲ್ಲಿ ಇನ್ನೊಂದು ದಿನ ನಿಲ್ಲಬೇಕಾಗುತ್ತದೆ.

ಇಷ್ಟು ದಿನ ಡಿಸ್ಟ್ರಿಬ್ಯೂಟರ್ ಪಕ್ಕದ, ಎಣ್ಣೆಯ ಒತ್ತಡ ಇಳಿದರೆ ಕೆಂಪು ದೀಪ ಹತ್ತಿಸುವ ಸ್ವಿಚ್ ಬಿಚ್ಚಿ, ಅಲ್ಲಿ ಹಿತ್ತಾಳೆಯ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಒಂದು ಬಾಯಿಗೆ ಸ್ವಿಚ್, ಇನ್ನೊಂದಕ್ಕೆ ಸೆಂಡರ್ ಕೂರಿಸುತ್ತಿದ್ದೆವು. ಆ ಭಾರವನ್ನೆಲ್ಲ ಹೊರುವುದು 10 ಮಿಲಿಮೀಟರಿನ ಒಂದು ಥ್ರೆಡ್. ಇಂಜಿನ್ ನಡುಗಿದಂತೆಲ್ಲ ಸೆಂಡರ್ ತಲೆ ಅಲ್ಲಾಡಿಸುತ್ತದೆ, ಟೀಯ ಕುತ್ತಿಗೆ ಬಿರಿಯುತ್ತದೆ. ಹೋದ ಮಳೆಗಾಲದಲ್ಲಿ ನಾವೇ ಹಾಕಿದ ಟೀ ಚೋರ್ಲಾ ಘಾಟಿನಲ್ಲಿ ಮುರಿಯಿತು. ಕೆಂಪು ದೀಪ ಹತ್ತಿದ್ದೇ ತಡ ಇಂಜಿನ್ ಬಂದ್ ಮಾಡಿದ್ದರಿಂದ ಬೇರಿಂಗ್ ಉಳಿದವು. ಮಾಲೀಕರು ಫೋನಿನಲ್ಲಿ ಬೈಯಲಿಲ್ಲ. "ಎಣ್ಣಿ ಎಲ್ಲಾ ರೋಡಿಗೆ ಅಭಿಷೇಕ ಆತ್ರೀ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ಮುಂದೆ ಇಂಜಿನ್‌ನಿಂದ ಜಾಳಿಗೆ ಹೊದಿಸಿದ ಹೋಸ್ ಹೊರಡುತ್ತದೆ. ಸೆಂಡರ್, ಸ್ವಿಚ್ ಎರಡೂ ಬಾಡಿಯ ತಗಡಿಗೆ ಬಿಗಿದ ಬ್ರಾಕೆಟ್ ಮೇಲೆ ಇರುತ್ತವೆ. ಸೆಂಡರ್‌ಗೆ ಅರ್ತಿಂಗ್ ಸಿಗುವುದು ಅದರ ಮೈಯಿಂದಲೇ, ಪೇಂಟ್ ಬಳಿದ ತಗಡನ್ನು ನಂಬಲಾಗದು. ಆದ್ದರಿಂದ ಬೇರೆ ಅರ್ತ್ ವೈರ್ ಎಳೆಯುತ್ತೇವೆ. ಇಂಜಿನ್ ಕೇಸಿನ ಥ್ರೆಡ್ ಟೇಪರ್ (ಒಳಗೆ ಹೋದಂತೆ ಕಿರಿದಾಗುವಂಥದ್ದು) ಇದೆ, ಕೇಸ್ ಮ್ಯಾಗ್ನೀಸಿಯಂ ಮಿಶ್ರಲೋಹದ್ದು. ಜೋರು ತೋರಿಸಿ ಪಾನಾ ತಿರುಗಿಸಿದರೆ ಸೀಳುತ್ತದೆ. ಈ ಕೆಲಸ ಹೊಸ ಹುಡುಗರ ಕೈಗೆ ಕೊಡುವುದಿಲ್ಲ.

ಸೆಂಡರ್ ನೀವೇ ತಂದರೆ ಮೀಟರನ್ನೂ ಜೊತೆಗೆ ತನ್ನಿ. 5 ಬಾರ್ ಒತ್ತಡದ ತನಕ ಅಳೆಯುವ ಸೆಂಡರಿಗೆ 10 ಬಾರ್ ತನಕ ತೋರಿಸುವ ಮೀಟರ್ ಜೋಡಿಸಿದರೆ ಇರುವುದರ ಎರಡು ಪಟ್ಟು ಒತ್ತಡ ತೋರಿಸುತ್ತದೆ, ಮನಸ್ಸಿಗೆ ಮಾತ್ರ ಬಹಳ ಸಮಾಧಾನ.

ಎಣ್ಣೆಯ ಬಿಸಿ ಅಳೆಯುವ ಟೆಂಪರೇಚರ್ ಸೆಂಡರನ್ನು ನಿಮ್ಮೆದುರೇ ಚಹಾದ ಪಾತ್ರೆಯ ಕುದಿಯುವ ನೀರಿಗೆ ಇಳಿಸುತ್ತೇವೆ. ಮುಳ್ಳು 100ಕ್ಕೆ ಸ್ವಲ್ಪ ಈಚೆ ನಿಂತರೆ ಅದು ಸರಿ: ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ 97-98 ಡಿಗ್ರಿಗೇ ಕುದಿಯುತ್ತದೆ.

ಬಿಸಿ ಇಂಜಿನ್ ಐಡಲ್‌ನಲ್ಲಿದ್ದಾಗ ಪ್ರೆಶರ್ ಮುಳ್ಳು ಕೆಳಗೆ ಬೀಳುವುದಕ್ಕೆ ಹೆದರಿ ಫೋನ್ ಮಾಡಬೇಡಿ. ಇಂಜಿನ್ ವೇಗದ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಸುಮಾರು 0.7 ಬಾರ್) ಒತ್ತಡ ಇದ್ದರೆ ಸಾಕು. ಆದರೆ ಆಯಿಲ್ 120 ಡಿಗ್ರಿ ದಾಟಿದರೆ ಗಾಡಿ ಬದಿಗೆ ಹಾಕಿ.

ಹಿಂದೆ ನಮ್ಮಲ್ಲಿ ಟೀ ಹಾಕಿಸಿದವರಿಗೆ ಈ ಬದಲಾವಣೆ ಪೂರಾ ಪುಕ್ಕಟೆ, ಹೋಸಿನ ದುಡ್ಡೂ ಬೇಡ. ಬರುವತನಕ ವಾರಕ್ಕೊಮ್ಮೆ, ಇಂಜಿನ್ ತಣ್ಣಗಿದ್ದಾಗ, ಟೀಯ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿ. ಎಣ್ಣೆ ಹತ್ತಿದರೆ ಗಾಡಿ ಓಡಿಸಬೇಡಿ, ನಾವೇ ಬರುತ್ತೇವೆ.

ಇಂತಿ,
ಉದ್ಯಮಬಾಗಿನ ನಿಮ್ಮ ಗ್ಯಾರೇಜಿನವರು
ಬೆಳಗಾವಿ