ಮಂಚದ ಕೆಳಗಿನಿಂದ ಕಡ್ಡಿಯನ್ನು ಎಳೆಯಬೇಡ

ಚಿ. ಪಲ್ಲವಿಗೆ ಮಾಮಾನ ಆಶೀರ್ವಾದಗಳು.

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ನಾಯಿಮರಿಗೆ ಕಡ್ಡಿ ಅಂತ ಹೆಸರಿಟ್ಟಿದ್ದೀಯಂತೆ. ಕೇಳಿ ನಿಮ್ಮ ಮಾಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಸರು ಸರಿಯಾಗೇ ಇದೆ ಬಿಡು, ಮುಧೋಳ ಮರಿ ಅಂದರೆ ನಾಲ್ಕು ಕಡ್ಡಿ, ಒಂದು ಬಾಲ. ಆದರೆ ಆಮೇಲೆ ನಿಮ್ಮಮ್ಮ ಹೇಳಿದ್ದು ಕೇಳಿ ನನಗೆ ನಿದ್ದೆ ಹತ್ತಲಿಲ್ಲ. ಹೊಸ ಚಪ್ಪಲಿ ಕಡಿದು ಹಾಕಿತು ಅಂತ ಪೇಪರ್ ಸುತ್ತಿ ಎರಡೇಟು ಕೊಟ್ಟೆಯಂತೆ. ಅವತ್ತಿನಿಂದ ಅದು ಮಂಚದ ಕೆಳಗೆ ಸೇರಿಕೊಂಡಿದೆಯಂತೆ. ಊಟದ ಹೊತ್ತಿಗೆ ನೀನು ಕಾಲು ಹಿಡಿದು ಎಳೆದು ತಟ್ಟೆಯ ಮುಂದೆ ನಿಲ್ಲಿಸುತ್ತೀಯಂತೆ.

ಫೋನಿನಲ್ಲಿ ಹೇಳಿದರೆ 'ಹೂಂ ಮಾಮಾ, ಹೂಂ ಮಾಮಾ' ಅಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಎಳೆಯುವುದನ್ನು ನಿಲ್ಲಿಸು. ಮಂಚದ ಕೆಳಗಿನ ಜಾಗ ಈಗ ಅದರ ಮನೆ. ಅಲ್ಲಿಗೆ ಯಾರ ಕೈಯೂ ಹೋಗಬಾರದು. ನೀರು, ಊಟ ಎರಡನ್ನೂ ಮಂಚದ ಹತ್ತಿರವೇ ಇಡು. ಸಂಜೆ ಕೆಲಸ ಮುಗಿದ ಮೇಲೆ ಒಂದು ಮೊಟ್ಟೆ ಬೇಯಿಸು, ಕಡಲೆಕಾಳಿನಷ್ಟು ಸಣ್ಣ ಚೂರು ಮಾಡು. ಮಂಚದಿಂದ ನಾಲ್ಕು ಅಡಿ ದೂರದಲ್ಲಿ ನೆಲದ ಮೇಲೆ ಕೂತುಕೋ. ಅದರ ಕಡೆ ಮುಖ ಮಾಡಬೇಡ, ಪಕ್ಕಕ್ಕೆ ತಿರುಗಿ ಕೂತುಕೋ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹೆದರಿದ ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ. ಒಂದು ಚೂರು ಮಂಚದ ಅಂಚಿನವರೆಗೆ ಉರುಳಿಸು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬೇಕಾದರೆ ಏನಾದರೂ ಓದಿಕೋ, ಮೊಬೈಲ್ ನೋಡು. ಕರೆಯಬೇಡ, 'ಬಾ ಬಾ' ಅನ್ನಬೇಡ. ಹತ್ತು ನಿಮಿಷ ಆದ ಮೇಲೆ ಎದ್ದು ಹೋಗಿಬಿಡು.

ಮೊದಲ ದಿನ ನೀನು ಹೋದ ಮೇಲೆ ತಿನ್ನುತ್ತದೆ. ಎರಡನೇ ದಿನವೋ ಮೂರನೇ ದಿನವೋ ಉದ್ದ ಮೂತಿ ಆಚೆ ಬರುತ್ತದೆ. ಆಮೇಲೆ ಮುಂಗಾಲು. ಹಿಂಗಾಲು ಮಾತ್ರ ಒಳಗೇ ಊರಿಕೊಂಡಿರುತ್ತದೆ, ಓಡಿ ಹೋಗಲು ತಯಾರಾಗಿ. ಆಗ ನಿನಗೆ ಮುಟ್ಟೋಣ ಅನಿಸುತ್ತದೆ. ಮುಟ್ಟಬೇಡ. ಅದಾಗಿಯೇ ಬಂದು ನಿನ್ನ ಮೊಣಕಾಲು ಮೂಸುವವರೆಗೂ ಕೈ ನಿನ್ನ ತೊಡೆಯ ಮೇಲೇ ಇರಲಿ. ಮೂಸಿದ ಮೇಲೂ ತಲೆಯ ಮೇಲಿಂದ ಕೈ ತರಬೇಡ, ಮೇಲಿಂದ ಬಂದ ಕೈಯಲ್ಲೇ ಅಲ್ವಾ ಅದು ಏಟು ತಿಂದಿದ್ದು? ಕೆಳಗಿನಿಂದ ಎದೆಯ ಹತ್ತಿರ ಎರಡು ಬೆರಳಲ್ಲಿ ತುರಿಸು. ಮೂರು ಎಣಿಸಿ ಕೈ ತೆಗೆ. ಇನ್ನೂ ಬೇಕಿದ್ದರೆ ಅದೇ ಒತ್ತರಿಸಿ ಬರುತ್ತದೆ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ ಸಾಕು ಅಂತ ಅರ್ಥ. ಆ ಆಕಳಿಕೆ ನಿದ್ದೆಯದ್ದಲ್ಲ.

ಎಲ್ಲಾ ಮರಿಗಳಿಗೂ ಇದು ಬೇಕು, ಮುಧೋಳ ಮರಿಗೆ ಜಾಸ್ತಿ ಬೇಕು. ಈ ತಳಿಗೆ ಪರಕೈ ಸೇರುವುದಿಲ್ಲ. ನಮ್ಮ ಕಡೆ ರೈತರ ಮನೆಯಲ್ಲಿ ನೋಡಿದ್ದೀಯಲ್ಲ, ಬಂದವರ ಕಾಲಿಗೆ ಬಿದ್ದು ಹೊರಳುವ ಜಾತಿಯಲ್ಲ ಅದು. ದೂರ ನಿಂತು ನೋಡುತ್ತದೆ. ಬೇಟೆಗೆ ಕಣ್ಣನ್ನೇ ನಂಬುವ ನಾಯಿ. ಮನುಷ್ಯರ ವಿಷಯದಲ್ಲೂ ಅಷ್ಟೇ, ನಿನ್ನ ಕೈ, ಕಾಲು, ಹುಬ್ಬು ಎಲ್ಲವನ್ನೂ ನೋಡಿ ಲೆಕ್ಕ ಹಾಕುತ್ತಿರುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದರು ಅನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ, ಅಲ್ಲಿನ ಮರಿಗಳು ಮೀರತ್‌ನ ಸೇನಾ ಕೇಂದ್ರದವರೆಗೂ ಹೋಗಿವೆ. ಇದೆಲ್ಲಾ ನೀನು ಗೆಳತಿಯರ ಮುಂದೆ ಹೇಳಿಕೊಳ್ಳಲು ಚೆನ್ನ. ನಿನ್ನ ಮಂಚದ ಕೆಳಗಿರುವುದು ಹತ್ತು ವಾರದ ಕೂಸು.

ಹುಲಿಯನ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೂ ಹೇಳಿಲ್ಲ.

ಆಗ ನನಗೆ ಹತ್ತೊಂಬತ್ತು ವರ್ಷ. ಹುಲಿಯ ನಮ್ಮ ಮನೆಯಲ್ಲೇ ಬೆಳೆದ ಮುಧೋಳ ನಾಯಿ, ವರ್ಷ ತುಂಬಿತ್ತು. ಒಂದು ದಿನ ಪಕ್ಕದ ಮನೆಯವರ ಕೋಳಿ ಹಿಡಿದ. ಅವರು ಬಂದು ಓಣಿಗೆಲ್ಲ ಕೇಳುವ ಹಾಗೆ ಬೈದು ಹೋದರು. ಹುಲಿಯ ಹೊಲದ ಬದುವಿನಲ್ಲಿ ನಿಂತಿದ್ದ. ನಾನು 'ಹುಲಿಯಾ, ಬಾ' ಅಂದೆ. ಬರಲಿಲ್ಲ. ದನಿ ಸಣ್ಣ ಮಾಡಿ, ಮುದ್ದು ಮಾಡುವವನ ಹಾಗೆ ಕರೆದೆ. ಬಾಲ ಆಡಿಸುತ್ತಾ ಓಡಿ ಬಂದ. ಹಿಂದೆ ಮುಚ್ಚಿಟ್ಟುಕೊಂಡಿದ್ದ ಬಾರಕೋಲು ತೆಗೆದು ಬಾರಿಸಿದೆ.

ಕೋಳಿ ಹಿಡಿಯುವುದನ್ನು ಅವನು ಬಿಟ್ಟನಾ? ಇಲ್ಲ. ನನ್ನ ಹತ್ತಿರ ಬರುವುದನ್ನು ಬಿಟ್ಟ. ಕೋಳಿ ಹಿಡಿದು ಒಂದು ಗಂಟೆಯಾಗಿತ್ತು, ಅದಕ್ಕೂ ಏಟಿಗೂ ಗಂಟು ಹಾಕಲು ನಾಯಿಗೆ ಆಗುವುದಿಲ್ಲ. ಅವನಿಗೆ ಗೊತ್ತಾಗಿದ್ದು ಇಷ್ಟೇ: ಇವನು ಕರೆದಾಗ ಹೋದರೆ ಹೊಡೆಯುತ್ತಾನೆ. ಆಮೇಲೆ ಹನ್ನೊಂದು ವರ್ಷ ಬದುಕಿದ. ನಿಮ್ಮಜ್ಜಿಯ ಕೈಯಿಂದ ರೊಟ್ಟಿ ತಿನ್ನುತ್ತಿದ್ದ. ನಾನು ಕೊಟ್ಟರೆ ನೆಲಕ್ಕಿಟ್ಟು ಹಿಂದೆ ಸರಿಯಬೇಕಿತ್ತು. ಸುಗ್ಗಿಯಲ್ಲಿ ಕಣ ಕಾಯಲು ಮಲಗಿದರೆ ಅವನೂ ಬಂದು ಮಲಗುತ್ತಿದ್ದ. ರಾತ್ರಿಯೆಲ್ಲಾ ಕಾಯುತ್ತಿದ್ದ. ಹತ್ತು ಅಡಿ ದೂರದಲ್ಲಿ.

ಅದಕ್ಕೇ ಹೇಳುತ್ತೇನೆ, ಕಡ್ಡಿ ಏನೇ ಮಾಡಿರಲಿ, ಕರೆದಾಗ ಬಂದರೆ ಅದಕ್ಕೆ ಒಳ್ಳೆಯದೇ ಆಗಬೇಕು. ಔಷಧಿ ಕುಡಿಸಬೇಕಾ, ಉಗುರು ಕತ್ತರಿಸಬೇಕಾ, ಸ್ನಾನ ಮಾಡಿಸಬೇಕಾ? ನೀನೇ ಅದರ ಹತ್ತಿರ ಹೋಗು. 'ಬಾ' ಅನ್ನುವ ಮಾತನ್ನು ಅದಕ್ಕೆಲ್ಲ ಖರ್ಚು ಮಾಡಬೇಡ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ 'ನಾಯಿಗೆ ಯಜಮಾನ ಯಾರು ಅಂತ ತೋರಿಸಬೇಕು, ನೀವೇ ಆಲ್ಫಾ, ಅಂದರೆ ಗುಂಪಿನ ನಾಯಕ, ಆಗಬೇಕು' ಅಂದರಂತೆ. ನಾನೂ ಒಂದು ಕಾಲಕ್ಕೆ ಅದನ್ನೇ ನಂಬಿದ್ದವನು. ಆ ಮಾತು ಹುಟ್ಟಿದ್ದು ಎಲ್ಲಿಂದ ಗೊತ್ತಾ? 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದೊಳಗೆ ಕೂಡಿಹಾಕಿದ್ದ ತೋಳಗಳ ಕಾದಾಟ ನೋಡಿ ಬರೆದಿದ್ದರಿಂದ. ಅದನ್ನು ಊರಿಗೆಲ್ಲ ಹಬ್ಬಿಸಿದವರಲ್ಲಿ ಅಮೆರಿಕದ ಡೇವಿಡ್ ಮೀಚ್ ಒಬ್ಬರು. ಅವರೇ ಮುಂದೆ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಕಳೆದು, 1999ರಲ್ಲಿ ಬೇರೆಯದೇ ಬರೆದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಪಟ್ಟಕ್ಕಾಗಿ ದಿನಾ ಕಾದಾಡುವ ಪೈಲ್ವಾನರಲ್ಲ. ತಪ್ಪಾಯಿತು ಅಂತ ತಿದ್ದಿಕೊಂಡ ದೊಡ್ಡವರನ್ನು ಕಂಡರೆ ನನಗೆ ಗೌರವ. ನಿಮ್ಮ ಅಪಾರ್ಟ್‌ಮೆಂಟಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ಉಚ್ಚೆಯ ವಿಷಯಕ್ಕೆ ಬರೋಣ. ಮೂತಿಯನ್ನು ಅದಕ್ಕೆ ಒತ್ತಿ ಬೈದರೆ ಕಲಿಯುತ್ತದೆ ಅನ್ನುವುದು ಸುಳ್ಳು. ಅದು ಕಲಿಯುವುದು ನಿನ್ನ ಎದುರು ಮಾಡಬಾರದು ಅಂತ. ಆಮೇಲೆ ಸೋಫಾದ ಹಿಂದೆ ಹೋಗಿ ಮಾಡುತ್ತದೆ. ಈ ವಯಸ್ಸಿಗೆ ಹಗಲಲ್ಲಿ ಎರಡು, ಹೆಚ್ಚೆಂದರೆ ಮೂರು ಗಂಟೆ ತಡೆದುಕೊಂಡೀತು, ಆಟದಲ್ಲಿದ್ದರೆ ಅಷ್ಟೂ ಇಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ, ಆಡಿ ಮುಗಿದ ಕೂಡಲೇ ಬಾಲ್ಕನಿಯ ಒಂದು ಮೂಲೆಗೆ ಕರೆದುಕೊಂಡು ಹೋಗು. ನೆಲ ಮೂಸುತ್ತಾ ಸುತ್ತು ಹೊಡೆದರೆ ಬಂತು ಅಂತಲೇ ತಿಳಿ. ಮಾಡಿ ಮುಗಿಸಿದ ಕ್ಷಣವೇ ತಿಂಡಿ ಚೂರು ಬಾಯಿಗೆ ಬೀಳಬೇಕು. ಒಳಗೆ ಬಂದು ಡಬ್ಬಿ ಹುಡುಕಿ ಕೊಟ್ಟರೆ, ಒಳಗೆ ಬಂದಿದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಚೂರು ಜೇಬಿನಲ್ಲೇ ಇರಲಿ. ಮನೆಯೊಳಗೆ ಮಾಡಿದರೆ ಸುಮ್ನೆ ಒರೆಸು, ವಿನೆಗರ್ ಬೆರೆಸಿದ ನೀರಿನಿಂದ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ.

ಚಪ್ಪಲಿ ಕಡಿದಿದ್ದು ಯಾರ ತಪ್ಪು? ನೆಲದ ಮೇಲೆ ಬಿಟ್ಟವರದ್ದು. ಹಾಲುಹಲ್ಲು ಸೂಜಿಯ ಹಾಗಿರುತ್ತವೆ, ನಾಲ್ಕನೇ ತಿಂಗಳಿನಿಂದ ಅವು ಬಿದ್ದು ಹೊಸ ಹಲ್ಲು ಬರುವಾಗ ಒಸಡು ಇನ್ನೂ ತುರಿಸುತ್ತದೆ. ಆರೇಳು ತಿಂಗಳವರೆಗೆ ಈ ಕಡಿತ ಇದ್ದದ್ದೇ. ಹಳೇ ಟವೆಲ್ ಒದ್ದೆ ಮಾಡಿ, ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಕೊಡು. ನಿನ್ನ ಕೈ ಕಚ್ಚಿದರೆ ಕೈ ಎಳೆದಾಡಬೇಡ, ಅದಕ್ಕೆ ಅದೇ ಆಟವಾಗುತ್ತದೆ. ಆಟ ನಿಲ್ಲಿಸಿ ಎದ್ದು ಹೋಗು. ಅರ್ಧ ನಿಮಿಷ ಬಿಟ್ಟು ಬಾ. ಬಾಯಲ್ಲಿ ಏನಾದರೂ ಕಚ್ಚಿಕೊಂಡಿದ್ದರೆ ಕಸಿದುಕೊಳ್ಳಬೇಡ, ಅದಕ್ಕಿಂತ ರುಚಿಯಾದ್ದು ತೋರಿಸಿ ಬದಲಿ ಕೊಡು. ತಟ್ಟೆಯ ವಿಷಯವೂ ಹಾಗೆಯೇ. ಉಣ್ಣುವಾಗ ತಟ್ಟೆ ಕಿತ್ತುಕೊಂಡು ಪರೀಕ್ಷೆ ಮಾಡುವವರಿದ್ದಾರೆ. ನಿನ್ನ ತಟ್ಟೆ ಯಾರಾದರೂ ಕಿತ್ತುಕೊಂಡರೆ ನೀನು ಸುಮ್ಮನಿರುತ್ತೀಯಾ? ನಡುವೆ ಹತ್ತಿರ ಹೋಗಿ ಒಂದು ಮೊಟ್ಟೆ ಚೂರು ಹಾಕಿ ಬಾ. ಗುರ್ ಅಂದರೆ ಬೈಯಬೇಡ, ದೂರ ಸರಿ. ಅದು 'ಹತ್ತಿರ ಬರಬೇಡ' ಅಂತ ಬಾಯಿಬಿಟ್ಟು ಹೇಳುತ್ತಿದೆ. ಆ ಗುರುಗುಟ್ಟುವುದನ್ನೇ ಬೈದು ಬಿಡಿಸಿದರೆ ಮುಂದೆ ಹೇಳದೆ ಕಚ್ಚುವ ನಾಯಿಯಾಗುತ್ತದೆ.

ಇನ್ನೊಂದು ಅವಸರದ ಮಾತು. ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವುದು ಹೆಚ್ಚುಕಡಿಮೆ 3ನೇ ವಾರದಿಂದ 12-14ನೇ ವಾರದವರೆಗೆ. ಆಮೇಲೆ ಕಲಿಯುವುದಿಲ್ಲ ಅಂತಲ್ಲ, ನಿಧಾನವಾಗುತ್ತದೆ. ಅಂದರೆ ನಿನಗೆ ಉಳಿದಿರುವುದು ಎರಡು, ಹೆಚ್ಚೆಂದರೆ ನಾಲ್ಕು ವಾರ. ಆದರೆ ಲಸಿಕೆ ಮುಗಿಯುವವರೆಗೆ ಬೀದಿ ನೆಲಕ್ಕೆ ಬಿಡುವಂತಿಲ್ಲ, ಪಾರ್ವೋ ಅನ್ನುವ ವಾಂತಿಭೇದಿಯ ಸೋಂಕು ಬಂದರೆ ಮರಿ ಉಳಿಯುವುದೇ ಕಷ್ಟ. ಮೊದಲ ಚುಚ್ಚುಮದ್ದು ಇಲ್ಲೇ ಆಗಿದೆ. ಮುಂದಿನವು ಮೂರು ನಾಲ್ಕು ವಾರಕ್ಕೊಂದು, 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್‌ದು. ಜಂತುಹುಳದ ಔಷಧಿಯ ಲೆಕ್ಕ ಡಾಕ್ಟರನ್ನು ಕೇಳಿ ಬರೆದಿಟ್ಟುಕೋ.

ಹಾಗಾದರೆ ಲೋಕ ತೋರಿಸುವುದು ಹೇಗೆ? ಮಂಚದಿಂದ ಹೊರಬಂದು ನಿನ್ನ ಮಡಿಲು ಹತ್ತಿದ ಮೇಲೆ, ಎತ್ತಿಕೊಂಡು ಗೇಟಿನವರೆಗೆ ಹೋಗು. ಐದು ನಿಮಿಷ ಸಾಕು. ಬಸ್ಸು, ಆಟೋ, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಸೊಪ್ಪಿನವಳ ಕೂಗು. ಪ್ರತಿಯೊಂದಕ್ಕೂ ಒಂದು ಚೂರು. ಮಕ್ಕಳು 'ಆಂಟಿ, ಮುಟ್ಟಲಾ' ಅಂತ ಬಂದರೆ 'ಇವತ್ತು ಬೇಡ ಪುಟ್ಟಾ' ಅನ್ನು. ನಾಚಿಕೊಳ್ಳಬೇಡ. ಯಾರಾದರೂ ಕೈ ಚಾಚಿದಾಗ ನೀನು ತಡೆದೆ ಅಂತ ಕಡ್ಡಿ ನೋಡಿರುತ್ತದೆ. ಮನೆಯ ಸದ್ದುಗಳೂ ಹಾಗೆಯೇ. ನಿಮ್ಮಮ್ಮ ಚಟ್ನಿಗೆ ಮಿಕ್ಸರ್ ಹಾಕುವಾಗ ನೀನು ಮರಿಯನ್ನು ದೂರದ ಕೋಣೆಯಲ್ಲಿ ಕೂರಿಸಿಕೊಂಡಿರು. ಸದ್ದು ಶುರುವಾದರೆ ತಿಂಡಿ ಶುರು, ಸದ್ದು ನಿಂತರೆ ತಿಂಡಿ ನಿಂತಿತು. ದಿನಾ ಒಂದೆರಡು ಹೆಜ್ಜೆ ಅಡುಗೆಮನೆಯ ಕಡೆಗೆ. ದೀಪಾವಳಿ ಬರುವುದರೊಳಗೆ ಇದು ಗಟ್ಟಿಯಾಗಿರಬೇಕು.

ಹೆಸರು ಕಲಿಸುವುದು ಸುಲಭ. 'ಕಡ್ಡಿ' ಅಂದ ಮೇಲೆ ನೋಡಿದರೆ ಚೂರು. ದಿನಕ್ಕೆ ಮೂರು ಸಲ, ಎರಡೆರಡು ನಿಮಿಷ. ಬೈಯುವಾಗ ಮಾತ್ರ ಆ ಹೆಸರು ಬಳಸಬೇಡ. 'ಬಾ' ಅನ್ನುವುದನ್ನು ಮೊದಲು ಹಾಲ್‌ನಲ್ಲಿ, ಆಮೇಲೆ ಕಾರಿಡಾರಿನಲ್ಲಿ, ಲಸಿಕೆ ಮುಗಿದ ಮೇಲೆ ಹೊರಗೆ ಉದ್ದ ಹಗ್ಗ ಕಟ್ಟಿ ಕಲಿಸು. ಎಷ್ಟೇ ಚೆನ್ನಾಗಿ ಕಲಿತರೂ ರಸ್ತೆಯಲ್ಲಿ ಹಗ್ಗ ಬಿಚ್ಚಬೇಡ. ನಿನ್ನ ಮೇಲೆ ನಂಬಿಕೆಯಿಲ್ಲ ಅಂತಲ್ಲ, ಅಳಿಲು ಕಣ್ಣಿಗೆ ಬಿದ್ದರೆ ಮುಧೋಳ ನಾಯಿಗೆ ಕಿವಿಯೇ ಇರುವುದಿಲ್ಲ. ಓಡಲೇಬೇಕಾದ ನಾಯಿ, ಸುತ್ತ ಬೇಲಿಯಿರುವ ಜಾಗ ಈಗಲೇ ಹುಡುಕಿಡು. ಈಗ ಮಾತ್ರ ಓಡಿಸಿ ಸುಸ್ತು ಮಾಡಬೇಡ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆ ಮಲಗುವುದು. ನಿದ್ದೆ ಕೆಟ್ಟ ಮರಿ ಕೆಟ್ಟದಾಗಿ ಕಚ್ಚುತ್ತದೆ.

ಊಟಕ್ಕೆ ಇಲ್ಲಿ ಜೋಳದ ನುಚ್ಚು, ಮೊಟ್ಟೆ, ಸ್ವಲ್ಪ ಮಜ್ಜಿಗೆ ತಿಂದು ಬೆಳೆದಿದೆ. ಅಂಗಡಿಯ ಊಟಕ್ಕೆ ಒಂದೇ ದಿನದಲ್ಲಿ ಬದಲಾಯಿಸಬೇಡ, ಒಂದು ವಾರ ಬೆರೆಸಿ ಬೆರೆಸಿ ಕೊಡು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿಯೂ. ನಿಮ್ಮಮ್ಮನಿಗೆ ಹೇಳು, ಹಬ್ಬದ ದಿನ ಪ್ರೀತಿ ಉಕ್ಕಿ ಪಾಯಸ ಹಾಕಿಬಿಟ್ಟಾಳು.

ಹೊಡೆದೆ ಅಂತ ನೀನು ರಾತ್ರಿ ಅತ್ತೆಯಂತೆ. ಅಳಬೇಡವ್ವಾ. ಎರಡೇಟು, ಅದೂ ಪೇಪರಿನದ್ದು. ಮರಿ ಚಿಕ್ಕದಿದೆ. ಹುಲಿಯನಿಗೆ ನಾನು ಹೊಡೆದ ಮರುದಿನ ಅವನ ಹತ್ತಿರ ನೆಲದ ಮೇಲೆ ಹೋಗಿ ಕೂತಿದ್ದರೆ ಏನಾಗುತ್ತಿತ್ತೋ. ಆಗ ಯಾರೂ ಹೇಳಲಿಲ್ಲ, ಹೇಳಿದ್ದರೂ ಕೇಳುವ ವಯಸ್ಸಲ್ಲ.

ನಾಡಿದ್ದು ನಿಮ್ಮಪ್ಪ ಊರಿಗೆ ಬಂದು ಹೋಗುವಾಗ ಅವರ ಕೈಯಲ್ಲಿ ಒಂದು ಹಳೇ ಕೌದಿ ಕಳಿಸುತ್ತೇನೆ, ನಿಮ್ಮಜ್ಜಿ ಹೊಲಿದದ್ದು. ಈ ನಾಯಿಗಳ ಮೈಮೇಲೆ ಕೊಬ್ಬಿಲ್ಲ, ಚರ್ಮ ತೆಳು, ನಿಮ್ಮ ಟೈಲ್ಸ್ ನೆಲಕ್ಕೆ ನಡುಗುತ್ತವೆ. ಆದರೆ ಬಂದ ಕೂಡಲೇ ಅದಕ್ಕೆ ಹಾಸಬೇಡ. ಮೊದಲು ಎರಡು ರಾತ್ರಿ ನೀನೇ ಹೊದ್ದುಕೊಂಡು ಮಲಗು, ನಿನ್ನ ಮೈವಾಸನೆ ಹತ್ತಲಿ. ಆಮೇಲೆ ತೊಳೆಯದೆ ಹಾಗೇ ಮಂಚದ ಕೆಳಗೆ ಸರಿಸು.

ಇಂತಿ,
ನಿನ್ನ ಮಾಮಾ