ವಿಮಾನ ಇಳಿದ ಮೇಲಿನ ಹೊಣೆ: ಅಮೆರಿಕದ ಸೆನೆಟ್ ಸಮಿತಿಗೊಂದು ಬಹಿರಂಗ ಪತ್ರ

ಅಮೆರಿಕ ಸೆನೆಟ್‌ನ ಸಶಸ್ತ್ರ ಸೇವೆಗಳ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಸೇನೆಯ ಸರಕು ವಿಮಾನ ಬೇರೊಂದು ದೇಶಕ್ಕೆ ಹೊರಟಿತೆಂದರೆ ಸರಕಿನ ಜತೆ ಅಲ್ಲಿನವರಿಗೆ ಕೊಟ್ಟ ಮಾತೂ ಹೊರಟಂತೆ. ಆ ಮಾತು ಎಷ್ಟು ದಿನದ್ದು, ಉಳಿಸಿಕೊಳ್ಳುವ ಹೊಣೆ ಯಾರದು ಎಂದು ನಿಮ್ಮ ಸಮಿತಿ ಬಹಿರಂಗವಾಗಿ ಕೇಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

1948ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟ ಜರ್ಮನಿಯಲ್ಲಿ ತನ್ನ ಹಿಡಿತದ ಭಾಗದ ನಡುವಿದ್ದ ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು, ಜಲಮಾರ್ಗಗಳನ್ನು ಮುಚ್ಚಿದಾಗ ಅಮೆರಿಕ ಮತ್ತು ಬ್ರಿಟನ್ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಆ ನಗರವನ್ನು ವಿಮಾನಗಳಿಂದಲೇ ಸಾಕಿದವು. ಟೆಂಪಲ್‌ಹೋಫ್ ನಿಲ್ದಾಣದ ಬೇಲಿಯ ಬಳಿ ನಿಂತ ಮಕ್ಕಳಿಗಾಗಿ ಗೇಲ್ ಹ್ಯಾಲ್ವರ್ಸನ್ ಎಂಬ ಪೈಲಟ್ ಕರವಸ್ತ್ರದ ಪುಟ್ಟ ಪ್ಯಾರಾಚೂಟುಗಳಿಗೆ ಮಿಠಾಯಿ ಕಟ್ಟಿ ಕೆಳಗೆ ಬಿಟ್ಟದ್ದನ್ನು ಜಗತ್ತು ಇಂದಿಗೂ ನೆನೆಯುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಕಲ್ಲಿದ್ದಲಿನ ಮೂಟೆಗಳು. ಸಾಗಿಸಿದ ಸರಕಿನಲ್ಲಿ ಸುಮಾರು ಮೂರನೇ ಎರಡು ಪಾಲು ಅದೇ. ಅದರ ಪುಡಿ ವಿಮಾನದ ಸಂದುಗೊಂದುಗಳಲ್ಲೆಲ್ಲ ಕೂರುತ್ತಿತ್ತು. ಚಳಿಗಾಲ ಪೂರ್ತಿ ಜತೆಗಿರುವ ನಿರ್ಧಾರವಿಲ್ಲದವರು ಇದ್ದಲನ್ನು ವಿಮಾನದಲ್ಲಿ ಹೊರುವುದಿಲ್ಲ. 1949ರ ಮೇ 12ರಂದು ದಿಗ್ಬಂಧನ ತೆರವಾದ ಮೇಲೂ ಸೆಪ್ಟೆಂಬರ್ ಕೊನೆಯವರೆಗೆ ಹಾರಾಟ ನಿಲ್ಲಲಿಲ್ಲ.

ಈಜಿಪ್ಟ್, ಸಿರಿಯಾಗಳ ಜತೆ 1973ರ ಅಕ್ಟೋಬರಿನಲ್ಲಿ ನಡೆದ ಯುದ್ಧದಲ್ಲಿ ಇಸ್ರೇಲಿಗೆ ಸುಮಾರು 22,000 ಟನ್ ಯುದ್ಧಸಾಮಗ್ರಿ ಒಯ್ದ ಅಮೆರಿಕದ ‘ನಿಕಲ್ ಗ್ರಾಸ್’ ಕಾರ್ಯಾಚರಣೆಯ ಕಥೆ ಬೇರೆ. ಈಜಿಪ್ಟ್, ಸಿರಿಯಾಗಳಿಗೆ ಸೋವಿಯತ್ ವಿಮಾನಗಳು ಅದಕ್ಕೂ ಮೊದಲೇ ಹೊರಟಿದ್ದವೆಂಬುದು ನಿಜ. ಆದರೆ ಐರೋಪ್ಯ ಮಿತ್ರರಲ್ಲಿ ಬಹುತೇಕರು ಅಮೆರಿಕದ ವಿಮಾನಗಳಿಗೆ ದಾರಿ ಕೊಡಲಿಲ್ಲ. ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳ ಲಾಜೆಸ್ ನೆಲೆ ಸಿಗದೆ ಹೋಗಿದ್ದರೆ ಆ ಸರಬರಾಜು ನಡೆಯುವುದೇ ಕಷ್ಟವಿತ್ತು. ಇಸ್ರೇಲಿಗೆ ನೆರವಾದದ್ದಕ್ಕಾಗಿ ಅದೇ ತಿಂಗಳು ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಏರಿದ ಬೆಲೆಯನ್ನು ಆ ಯುದ್ಧಕ್ಕೆ ಸಂಬಂಧವೇ ಇಲ್ಲದ ಬಡ ದೇಶಗಳೂ ತೆತ್ತವು.

2021ರ ಆಗಸ್ಟ್ 15ರಂದು, ಅಫ್ಘಾನಿಸ್ತಾನದ ಕಾಬೂಲು ತಾಲಿಬಾನ್ ಕೈಸೇರಿದ ದಿನ, ಅಲ್ಲಿಂದ ಹೊರಟ ನಿಮ್ಮ ಸೇನೆಯ ಒಂದೇ ಸಿ-17 ಸರಕು ವಿಮಾನದಲ್ಲಿ 823 ಜನ ನೆಲದ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ಅವರನ್ನು ಕೆಳಗಿಳಿಸದೆ ಕರೆದೊಯ್ದ ಸಿಬ್ಬಂದಿಗೆ ನಾನು ತಲೆಬಾಗುತ್ತೇನೆ. ಮರುದಿನ ಇನ್ನೊಂದು ವಿಮಾನದ ಹೊರಮೈಗೆ ಜೋತುಬಿದ್ದವರನ್ನೂ ನಾವು ಕಂಡೆವು. ಇಪ್ಪತ್ತು ವರ್ಷ ಇವೇ ವಿಮಾನಗಳು ಬಂದಿಳಿಯುತ್ತಿದ್ದ ನೆಲ ಅದು.

ತುರ್ತಿನಲ್ಲಿ ವಿಮಾನವನ್ನು ತಡೆದು ಚರ್ಚಿಸಿ ಎಂದು ನಾನು ಕೇಳುತ್ತಿಲ್ಲ. ಹಾರಾಟ ಆರಂಭವಾದ ಮೊದಲ ವಾರದೊಳಗೆ ಬಹಿರಂಗ ವಿಚಾರಣೆ ಕರೆಯಿರಿ. ಏನು ಹೋಗುತ್ತಿದೆ, ಯಾವ ದೇಶದ ನೆಲೆಯಿಂದ ಮತ್ತು ಯಾವ ಷರತ್ತಿನ ಮೇಲೆ, ನಿಲ್ಲಿಸುವ ದಿನ ಬಂದಾಗ ನಿಮ್ಮನ್ನು ನಂಬಿದವರ ಗತಿಯೇನು ಎಂಬುದಕ್ಕೆ ರಕ್ಷಣಾ ಮತ್ತು ವಿದೇಶಾಂಗ ಇಲಾಖೆಗಳೆರಡರಿಂದಲೂ ಉತ್ತರ ಪಡೆದು, ಅದನ್ನು ಪ್ರಕಟಿಸಿ.

ಇತಿ,
ಅಂತರರಾಷ್ಟ್ರೀಯ ರಾಜಕಾರಣದ ಒಬ್ಬ ವಿದ್ಯಾರ್ಥಿ