ಗೊತ್ತಿರುವುದನ್ನು ಕೇಳಬೇಡ

ಪ್ರೀತಿಯ ತಮ್ಮ,

ಕಟ್ಟಡದ ಮಾಲೀಕರ ಪರವಾಗಿ, ಗುತ್ತಿಗೆದಾರರ ಲಿಖಿತ ಹೇಳಿಕೆಗೆ ಹೆಚ್ಚಿನ ವಿವರ ಕೇಳಿ ನೀನು ಬರೆದ ಕರಡನ್ನು ಎರಡು ಸಲ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. '96 ಪ್ರಶ್ನೆ ಕೇಳಿದ್ದೆ, ಜಗಳ ತೀರ್ಮಾನಿಸುವ ಮಧ್ಯಸ್ಥಗಾರರು 90ನ್ನು ತಳ್ಳಿಹಾಕಿದರು, ನನಗೆ ಬರೆಯಲು ಬರುವುದಿಲ್ಲ' ಎಂದು ಗೋಳಾಡಿದ್ದೀಯ. ಬರೆಯಲು ನಿನಗೆ ಚೆನ್ನಾಗಿಯೇ ಬರುತ್ತದೆ. ಕೇಳಲು ಇನ್ನೂ ಬಂದಿಲ್ಲ, ಅಷ್ಟೇ.

ಪ್ಯಾರಾ ಸಂಖ್ಯೆ, ಶೀರ್ಷಿಕೆ, ಸಹಿ ಎಲ್ಲಿ ಬರಬೇಕು, ಇವನ್ನೆಲ್ಲ ಹಳೆಯ ಫೈಲು ನೋಡಿ ಕಲಿತುಕೋ. ನಾನು ಹೇಳಬೇಕಿರುವುದು ಬೇರೆ. ಎದುರಿನವರ ಹೇಳಿಕೆಗೆ ಹೆಚ್ಚಿನ ವಿವರ ಕೇಳುವಾಗ ಪ್ರಾಮಾಣಿಕವಾಗಿ ಕೇಳು. ನಿನಗೆ ನಿಜವಾಗಿ ತಿಳಿಯದ್ದನ್ನು, ಅದು ತಿಳಿಯದೆ ಉತ್ತರ ಬರೆಯಲು ಆಗದ್ದನ್ನು ಮಾತ್ರ ಕೇಳು.

ನಿನ್ನ 12ನೇ ಪ್ರಶ್ನೆಯನ್ನೇ ನೋಡು. 'ಹೆಚ್ಚುವರಿ ಕೆಲಸದ ಎಲ್ಲ ವಿವರ ಮತ್ತು ದಾಖಲೆ ಒದಗಿಸಿ.' ಇದು ಪ್ರಶ್ನೆಯೇ ಅಲ್ಲ. ಗುತ್ತಿಗೆದಾರರು ಹೇಳಿರುವುದೇನು? 'ಮಾಲೀಕರ ಸೂಚನೆಯಂತೆ ತಳಪಾಯದಲ್ಲಿ ಹೆಚ್ಚುವರಿ ಕೆಲಸ ಮಾಡಿದೆವು, ಹಣ ಬಾಕಿಯಿದೆ.' ಆ ಮಾತನ್ನೇ ಹಿಡಿದುಕೋ. ಸೂಚನೆ ಕೊಟ್ಟವರು ಯಾರು? ಯಾವ ದಿನ? ಪತ್ರದಲ್ಲೋ, ಬಾಯಿಮಾತಿನಲ್ಲೋ? ಬಾಯಿಮಾತಾದರೆ ಯಾರು ಯಾರಿಗೆ ಹೇಳಿದರು? ಒಪ್ಪಂದದ ಯಾವ ಷರತ್ತಿನಡಿ ಹಣ ಕೇಳುತ್ತಿದ್ದಾರೆ? ಮೊತ್ತ ಬಂದದ್ದು ಯಾವ ಅಳತೆಯಿಂದ, ಯಾವ ದರದಿಂದ? ಇಷ್ಟು ಸಾಕು. ಅದನ್ನು ಹೇಗೆ ಸಾಬೀತು ಮಾಡುತ್ತಾರೆ, ಸಾಕ್ಷಿ ಯಾರು ಎನ್ನುವುದು ಮುಂದಿನ ಹಂತದ ಮಾತು. ನಿನ್ನ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಕ್ಷ್ಯವನ್ನೇ ಕೇಳುತ್ತಿವೆ. ಇಷ್ಟು ಬುದ್ಧಿಯಿರುವವನು ಇದನ್ನು ಗಮನಿಸಲಿಲ್ಲವಲ್ಲ ಎಂದು ಸಿಟ್ಟು ಬಂತು.

ಆದರೆ 37ನೇದು ಓದಿ ಖುಷಿಯಾಯಿತು. ತಡಕ್ಕೆ ಅವರು ಹದಿನಾರು ಕಾರಣ ಕೊಟ್ಟು, ಕೊನೆಗೆ ಒಂದೇ ಮೊತ್ತ ಬರೆದಿದ್ದಾರೆ. ಯಾವ ಕಾರಣದಿಂದ ಯಾವ ಕೆಲಸ ಎಷ್ಟು ದಿನ ನಿಂತಿತು ಎಂದು ನೀನು ಕೇಳಿದ್ದೀಯ. ಹಾಂಗ್‌ಕಾಂಗ್‌ನ ವಾರ್ಫ್ ಪ್ರಾಪರ್ಟೀಸ್ ಎಂಬ ಕಂಪನಿಯ ಪ್ರಕರಣ ಬಿದ್ದದ್ದು ಇಲ್ಲಿಯೇ. ತಪ್ಪಿಗೂ ತಡಕ್ಕೂ ನಡುವಿನ ಕೊಂಡಿಯನ್ನು ಹೇಳಿಕೆಯಲ್ಲಿ ತೋರಿಸಿರಲಿಲ್ಲ. 1991ರಲ್ಲಿ, ಆಗ ಅಲ್ಲಿಯ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ನಿಲ್ಲಲು ಬಿಡಲಿಲ್ಲ. ಮಧ್ಯಸ್ಥಗಾರರು ಉಳಿಸಿಕೊಂಡ ಆರರಲ್ಲಿ ನಿನ್ನ 37 ಕೂಡ ಇದೆ, ಅಲ್ವಾ?

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿನ್ನ ವಯಸ್ಸಿನಲ್ಲಿ ನಾನೂ ಇಂಥದ್ದೊಂದು ಬರೆದೆ. ನಮ್ಮ ಕಕ್ಷಿದಾರರು ದೊಡ್ಡ ಗುತ್ತಿಗೆದಾರರು. ಎದುರಿಗಿದ್ದವನು ಗಾರೆ ಕೆಲಸದ ಸಣ್ಣ ಉಪಗುತ್ತಿಗೆದಾರ. ಅವನ ಅಳತೆಗಳಿಗೆ ನಮ್ಮ ಎಂಜಿನಿಯರೇ ಸಹಿ ಹಾಕಿದ್ದರು. ಆ ಅಳತೆ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ಆದರೂ ಪ್ರತಿ ಗೋಡೆಯ ಅಳತೆ ಕೇಳಿ 140 ಪ್ರಶ್ನೆ ಬರೆದೆ. ಉತ್ತರ ಬರೆಸಲು ಅವನ ಹತ್ತಿರ ಹಣವಿರಲಿಲ್ಲ. ಏಳು ತಿಂಗಳು ಕಳೆಯಿತು. ಕೊನೆಗೆ ಬಾಕಿಯ ಅರ್ಧಕ್ಕೆ ರಾಜಿಯಾದ. ನನ್ನ ಸೀನಿಯರ್ ಎಲ್ಲರ ಮುಂದೆ ಬೆನ್ನು ತಟ್ಟಿದರು. 'ಎಂಥ ಡ್ರಾಫ್ಟಿಂಗ್!' ಎಂದರು. ಆ ಹೊಗಳಿಕೆಯ ಗುಂಗಿನಲ್ಲಿ ಎಷ್ಟೋ ವರ್ಷ ಹಾಗೆಯೇ ಬರೆದೆ. ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಕಟ್ಟಡ ಕೆಲಸದಲ್ಲಿ ಹಣ ತಡವಾದರೆ ಕೂಲಿ ನಿಲ್ಲುತ್ತದೆ, ಸಿಮೆಂಟಿನ ಸಾಲ ಬೆಳೆಯುತ್ತದೆ. ಇಂಗ್ಲೆಂಡಿನ 1996ರ ಕಾಯ್ದೆ ಇಂಥ ಜಗಳಕ್ಕೆ 28 ದಿನದಲ್ಲಿ ತೀರ್ಮಾನ ಕೊಡುವ ದಾರಿ ಮಾಡಿದ್ದು ಸುಮ್ನೆ ಅಲ್ಲ. ಅಲ್ಲಿಯ ಕೋರ್ಟುಗಳಲ್ಲಿ 1999ರಿಂದ, ವಿವರ ಕೇಳುವ ಈ ಕೋರಿಕೆಗೆ 'ಹೆಚ್ಚಿನ ಮಾಹಿತಿ' ಎಂಬ ಹೆಸರು ಬಂತು. ನಿಮ್ಮ ವಾದ ಸಿದ್ಧಪಡಿಸಲು ಅಥವಾ ಎದುರಿನವರ ವಾದ ತಿಳಿಯಲು ಬೇಕಾದಷ್ಟನ್ನು ಮಾತ್ರ, ಚಿಕ್ಕದಾಗಿ ಕೇಳಿ ಎನ್ನುತ್ತದೆ ಅಲ್ಲಿಯ ನಿರ್ದೇಶನ.

ಈಗ ಒಂದು ಕೆಲಸ ಮಾಡು. 'ಕಳಪೆ ಕೆಲಸ' ಎಂದು ನಿನ್ನ ಕಕ್ಷಿದಾರರು ಬಿಲ್ಲಿನಲ್ಲಿ ಕಡಿತ ಮಾಡಿದ್ದಾರಲ್ಲ, ಅದಕ್ಕೆ ನೀನೂ ಒಂದೇ ಮೊತ್ತ ಬರೆದಿದ್ದೀಯ. ಗುತ್ತಿಗೆದಾರರು ಕೇಳುವ ಮೊದಲೇ ವಿವರ ಕೊಡು. ಸ್ಕಾಟ್ ಶೆಡ್ಯೂಲ್ ಮಾದರಿಯಲ್ಲಿ ಒಂದು ಕೋಷ್ಟಕ ಮಾಡು. ಯಾವ ಗೋಡೆ, ಏನು ದೋಷ, ಸರಿಪಡಿಸಲು ಎಷ್ಟು ಖರ್ಚು ಎಂದು ಒಂದೊಂದಾಗಿ ಬರೆ. ಪಕ್ಕದಲ್ಲಿ ಗುತ್ತಿಗೆದಾರರ ಉತ್ತರಕ್ಕೆ ಒಂದು ಕಾಲಂ ಖಾಲಿ ಬಿಡು, ಮಧ್ಯಸ್ಥಗಾರರಿಗೆ ಇನ್ನೊಂದು. ಸೋಮವಾರದೊಳಗೆ ನನಗೆ ಕಳಿಸು.

ನಿನ್ನ ಅಣ್ಣ